ಕರೆಂಟು ಮೀಟರಿನ ಕಾಗದ

ಶಿಡ್ಲಘಟ್ಟದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ನನ್ನ ಮೇಜಿಗೆ ಮೂರೂವರೆ ಕಾಲು.
ಉಳಿದರ್ಧಕ್ಕೆ ಹಳೆಯದೊಂದು ಸ್ಟಾಂಪು ಕಾಯ್ದೆಯ ಪುಸ್ತಕ.

ಸೋಮವಾರ ಹತ್ತೂವರೆಗೆ ಬಂದರು ಇಬ್ಬರು.
ಸೆರಗಿಗೂ ಬುರ್ಖಾಕ್ಕೂ ಒಂದೇ ವಾಸನೆ,
ಬೆಂದ ಗೂಡಿನದು. ಈ ಊರಲ್ಲಿ ಅದಕ್ಕೆ
ಮೂಗು ಮುಚ್ಚುವವನು ಪರಸ್ಥಳದವನು.

ಆಂಜಿನಮ್ಮ ಕೂತಳು. ನೂರುನ್ನೀಸಾ ನಿಂತೇ ಇದ್ದಳು.
"ಎರಡು ಕಾಗದ ಆಗ್ಬೇಕು ಸಾಮಿ. ಒಂದು,
ನಾವಿಬ್ರೂ ಸೇರಿ ನೂಲು ತೆಗೀತೀವಿ ಅಂತ.
ಇನ್ನೊಂದು..." ಅಂದವಳು ತಡೆದು,
"ನೂರಿ, ಬಸ್‌ಸ್ಟ್ಯಾಂಡಿನ ಗಾಡಿಯಿಂದ ಕಬ್ಬಿನ ಹಾಲು ತಗೊಂಬಾ.
ಐಸು ಬೇಡ ಅನ್ನು."

ಬುರ್ಖಾ ತಿರುವಿನಲ್ಲಿ ಮರೆಯಾದ ಮೇಲೆ
ಮೇಜಿನಂಚಿಗೆ ಬಾಯಿ ತಂದಳು:
"ನಾನು ಸತ್ರೆ ನನ್ನ ಅರ್ಧನೂ ಅವಳಿಗೇ."

ಇಪ್ಪತ್ತಾರು ವರ್ಷದಿಂದ ಕೇಳಿದ್ದನ್ನೇ ಕೇಳುತ್ತಾರೆ ಜನ.
"ಉಯಿಲು ಬರೆಸಿದೋರು ಬೇಗ ಹೋಗ್ತಾರಂತೆ?"
ಬರೆಸದವರೂ ಹೋಗಿದ್ದಾರೆ ತಾಯಿ,
ಅವರ ಮಕ್ಕಳು ಇನ್ನೂ ಕೋರ್ಟಿನಲ್ಲಿದ್ದಾರೆ.

"ಸ್ಟಾಂಪು ಎಷ್ಟರದ್ದು?"
ಉಯಿಲಿಗೆ ಬೇಡ, ಬಿಳಿ ಹಾಳೆ ಸಾಕು. ಪಾಲುದಾರಿಕೆಗೆ ಬೇಕು.
"ನೋಡಿ ಮತ್ತೆ. ಸಾಯೋಕೆ ಬಿಟ್ಟಿ, ಬದುಕೋಕೆ ಕಾಸು."

"ಎರಡೂ ಒಂದೇ ಹಾಳೇಲಿ ಬರೆದ್ಬಿಡಿ, ನಿಮ್ಮ ಫೀಸು ಉಳೀತದೆ."
ಆಗುವುದಿಲ್ಲ. ಒಂದು ಇವತ್ತಿನಿಂದಲೇ ಮಾತಾಡುತ್ತದೆ,
ಇನ್ನೊಂದು ನೀವು ಮಾತು ನಿಲ್ಲಿಸಿದ ಮೇಲೆ.
ಮೇಲಾಗಿ, ಇಬ್ಬರೇ ಇರುವ ಪಾಲುದಾರಿಕೆ
ಒಬ್ಬರು ಹೋದ ದಿನವೇ ತಾನೂ ಹೋಗುತ್ತದೆ.
ಉಳಿದವರು ಯಾರ ಜೊತೆ ಪಾಲುದಾರರು?

ಸ್ವಲ್ಪ ಹೊತ್ತು ರಸ್ತೆ ನೋಡಿದಳು.

"ಅಣ್ಣನ ಮಕ್ಕಳು ಬಂದು ಕೇಳಲ್ವಾ?"
ಪಿತ್ರಾರ್ಜಿತವೋ, ಸ್ವಯಾರ್ಜಿತವೋ, ಅಂದೆ.
ಆ ಮಾತು ಅವಳಿಗೆ ತಿಳಿಯಲಿಲ್ಲ. ಆದರೂ
ಎರಡೂ ಅಂಗೈ ಮೇಜಿನ ಮೇಲೆ ಬಿಡಿಸಿಟ್ಟಳು:
ಮೂವತ್ತು ವರ್ಷ ಕುದಿನೀರಲ್ಲಿ
ಎಳೆಯ ತುದಿ ತಡಕಿ ತಡಕಿ
ಬೆಳ್ಳಗೆ ಸವೆದ ಬೆರಳು.
ಬರೆದೆ: ಸ್ವಯಾರ್ಜಿತ.

ಸಾಕ್ಷಿ ಇಬ್ಬರು ಬೇಕು. ಪಡೆಯುವವರದು ಬೇಡ,
ಹತ್ತಿರ ಇರದಿದ್ದರೇ ಒಳ್ಳೆಯದು, ನಾಳೆ ಅನುಮಾನ.
"ಮತ್ತೆ ಕಳಿಸಿದ್ದು ಯಾಕೆ?"
ಅಂದಳು, ನನಗೇ ಪಾಠ ಹೇಳುವಂತೆ.
ಝೆರಾಕ್ಸಿನ ಪಿಳ್ಳಪ್ಪ, ಗೂಡಿನ ಮಾರ್ಕೆಟ್ಟಲ್ಲಿ ತೂಕ ಹಾಕುವ ನಾರೆಪ್ಪ
ಅವಳ ಹೆಬ್ಬೆಟ್ಟು ಕಂಡು ಸಹಿ ಹಾಕಿದರು.
ಲಕೋಟೆ ಅಂಟಿಸುವುದಕ್ಕೂ ನೂರುನ್ನೀಸಾ ಬರುವುದಕ್ಕೂ ಸರಿಹೋಯಿತು.

ಈಗ ಎರಡನೆಯದು, ಇಬ್ಬರೂ ಇರಬೇಕಾದದ್ದು.
ಹೆಸರಿಗೆ ಕಾಲು ಗಂಟೆ ಜಗಳ.
ಕೊನೆಗೆ, ಇರುವುದನ್ನೇ ಎಣಿಸಿ, "ನಾಲ್ಕು ಬೇಸಿನ್ ಸಿಲ್ಕ್ಸ್."
ಲಾಭ? ಅರ್ಧರ್ಧ. ನಷ್ಟ?
"ಲಾಸು ನಂಗೆ ಒಸಿ ಜಾಸ್ತಿ ಬರೀರಿ," ಅಂದಳು ನೂರುನ್ನೀಸಾ,
"ಬೇಸಿನ್ ಎಲ್ಲಾ ಅಕ್ಕಂದು."
ಆಂಜಿನಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು:
"ಇವಳ ಮಾತು ಬರೆದ್ರೆ ನಾನು ಎದ್ದು ಹೋಗ್ತೀನಿ.
ಅರ್ಧ ಅಂದ್ರೆ ಎಲ್ಲಾದ್ರಲ್ಲೂ ಅರ್ಧ."
ಬರೆದೆ. ನೋಂದಣಿಗೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಂದೆ.

ಇಂಕ್ ಪ್ಯಾಡಿನಿಂದ ಎದ್ದವು ಎರಡು ಹೆಬ್ಬೆಟ್ಟು.
ಗೆರೆಯಿಲ್ಲ, ಸುಳಿಯಿಲ್ಲ, ಬರೀ ಕಪ್ಪು ಮಚ್ಚೆ,
ಹುಣಸೆ ಬೀಜ ಎರಡಿಟ್ಟಂತೆ.
ಯಾವುದು ಯಾರದೆಂದು
ಕೆಳಗೆ ನಾನೇ ಬರೆಯಬೇಕಾಯಿತು.

ಹೊರಡುವಾಗ ನೂರುನ್ನೀಸಾ ಲಕೋಟೆ ಕಂಡಳು.
"ಇದೇನಕ್ಕಾ?"
"ಕರೆಂಟು ಮೀಟರಿನ ಕಾಗದ. ನೀನು ಮುಟ್ಬೇಡ."
"ಮೀಟರು ನನ್ನ ಹೆಸರಲ್ಲಿ ಐತಲ್ಲಾ?"

ಆಂಜಿನಮ್ಮ ಇಷ್ಟು ಹೊತ್ತು ಮುಟ್ಟದ ಲೋಟ ಎತ್ತಿ
ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.
"ಐಸು ಹಾಕ್ಸಿದೀಯಲ್ಲೇ.
ಎಲ್ಲಾ ನೀರಾಗೈತೆ."